ಸೂಲಗಿತ್ತಿಯ ಕೈ, ನರ್ಸಮ್ಮನ ಕಾಗದ

2018ರ ಡಿಸೆಂಬರ್ 25ರಂದು ಕೆಂಗೇರಿಯ ಬಿಜಿಎಸ್ ಆಸ್ಪತ್ರೆಯಲ್ಲಿ ಸೂಲಗಿತ್ತಿ ನರಸಮ್ಮ ತೀರಿಕೊಂಡರು. ಪಾವಗಡ ತಾಲ್ಲೂಕಿನ ಕೃಷ್ಣಾಪುರದವರು, ವಯಸ್ಸು 98. ಹೆರಿಗೆ ಮಾಡಿಸುವುದನ್ನು ಕಲಿತದ್ದು ಅಜ್ಜಿಯಿಂದ. 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು, ಅದೂ ದುಡ್ಡು ಮುಟ್ಟದೆ. ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು, ಅವರು ಹೋದ ವರ್ಷವೇ ಪದ್ಮಶ್ರೀಯೂ ಬಂತು. ಆದರೆ ಯಾವುದೇ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿ ನಿಲ್ಲಲು ಅವರಿಗೆ ಅವಕಾಶವಿರಲಿಲ್ಲ. ಅದಕ್ಕೆ ಬೇಕಾದ ಕಾಗದ ಅವರ ಬಳಿ ಇರಲಿಲ್ಲ.

ಆ ಕಾಗದಕ್ಕೂ ಒಂದು ಚರಿತ್ರೆ ಇದೆ.

ಮೈಸೂರು ಸಂಸ್ಥಾನದ ಕಾಲದಲ್ಲೇ ಬೆಂಗಳೂರಿನಲ್ಲಿ ವಾಣಿವಿಲಾಸ ಆಸ್ಪತ್ರೆ ಬಂತು, 1935ರಲ್ಲಿ. ಅದು ಪೇಟೆಯ ಮಾತು. ಹಳ್ಳಿಯ ಲೆಕ್ಕ ಬೇರೆಯೇ ಇತ್ತು. 1946ರಲ್ಲಿ ಭೋರ್ ಸಮಿತಿ ವರದಿ ಕೊಟ್ಟಾಗ ದೇಶದಲ್ಲಿ 43 ಸಾವಿರ ಜನಕ್ಕೆ ಒಬ್ಬ ನರ್ಸ್ ಇದ್ದರು. ಪೂರ್ತಿ ತರಬೇತಾದ ನರ್ಸುಗಳು ಹಳ್ಳಿ ಮುಟ್ಟುವವರೆಗೆ ಬಸುರಿಯರು ಕಾಯುವಂತಿರಲಿಲ್ಲ. ಹಾಗಾಗಿ 1950ರ ದಶಕದ ಆರಂಭದಲ್ಲಿ ಎರಡು ವರ್ಷದ ಒಂದು ಕೋರ್ಸ್ ಶುರುವಾಯಿತು. ಏಳನೇ ಎಂಟನೇ ಕ್ಲಾಸ್ ಓದಿದ ಹೆಣ್ಣುಮಕ್ಕಳನ್ನು ತೆಗೆದುಕೊಂಡು ಹೆರಿಗೆ ಮತ್ತು ಆರೈಕೆ ಕಲಿಸುವುದು. ಅದೇ ಎಎನ್‌ಎಂ, ನಮ್ಮ ಬಾಯಲ್ಲಿ ನರ್ಸಮ್ಮ.

ಆಗಿನ ಮೈಸೂರು ರಾಜ್ಯದಲ್ಲಿ 1961ರಲ್ಲಿ ನರ್ಸುಗಳು, ಸೂಲಗಿತ್ತಿಯರು ಮತ್ತು ಆರೋಗ್ಯ ಸಂದರ್ಶಕಿಯರ ಕಾಯ್ದೆ ಬಂತು. ಇಂದಿನ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ಗೆ ಅದೇ ಆಧಾರ. ಅಮೆರಿಕದಲ್ಲಿ ಇದಕ್ಕೆ ಹತ್ತಿರದ ಹುದ್ದೆಯನ್ನು ಲೈಸೆನ್ಸ್ಡ್ ಪ್ರಾಕ್ಟಿಕಲ್ ನರ್ಸ್ ಅನ್ನುತ್ತಾರೆ. ಅಲ್ಲಿ ಕೋರ್ಸ್ ಮುಗಿಸಿದ ಮೇಲೂ ಲೈಸೆನ್ಸಿಗೆ ಬೇರೆ ಪರೀಕ್ಷೆ ಬರೆಯಬೇಕು. ನಮ್ಮಲ್ಲಿ ಮಾನ್ಯತೆ ಇರುವ ಶಾಲೆಯಲ್ಲಿ ಪಾಸಾದರೆ ಕೌನ್ಸಿಲ್‌ನಲ್ಲಿ ನೋಂದಣಿ. ಆ ನೋಂದಣಿ ಸಂಖ್ಯೆಯೇ ಲೈಸೆನ್ಸ್.

ಮುಂದೆ ಆದದ್ದನ್ನು ನಮ್ಮವರು ಅಷ್ಟಾಗಿ ಗಮನಿಸಲಿಲ್ಲ. 1973ರಲ್ಲಿ ಕರ್ತಾರ್ ಸಿಂಗ್ ಸಮಿತಿ, ಎಎನ್‌ಎಂಗಳನ್ನು ಬರೀ ಹೆರಿಗೆಗೆ ಇಡಬೇಡಿ, ವಿವಿಧೋದ್ದೇಶ ಕಾರ್ಯಕರ್ತೆ ಮಾಡಿ ಎಂದಿತು. ಚುಚ್ಚುಮದ್ದು, ಕುಟುಂಬ ಯೋಜನೆ, ಮಲೇರಿಯಾ, ಎಲ್ಲವೂ ಒಬ್ಬಳ ಚೀಲಕ್ಕೆ ಬಂತು. 1977ರಲ್ಲಿ ಓದಿನ ಅವಧಿ 18 ತಿಂಗಳಿಗೆ ಇಳಿಯಿತು. ಕೆಲಸ ಹೆಚ್ಚಾದಾಗಲೇ ಕಲಿಯುವ ಕಾಲ ಕಡಿಮೆಯಾದದ್ದು ನನಗಂತೂ ಸರಿ ಕಾಣುವುದಿಲ್ಲ. ಈಗ ಮತ್ತೆ ಎರಡು ವರ್ಷವಾಗಿದೆ, ಸೇರಲು ಪಿಯುಸಿ ಆಗಿರಬೇಕು.

ಬಯಲುಸೀಮೆಯಲ್ಲಿ 5 ಸಾವಿರ ಜನಕ್ಕೆ, ಗುಡ್ಡಗಾಡಿನಲ್ಲಿ 3 ಸಾವಿರ ಜನಕ್ಕೆ ಒಂದು ಉಪಕೇಂದ್ರ ಎಂಬುದು ನಿಯಮ. ಅಲ್ಲಿರುವ ನರ್ಸಮ್ಮ ಸಹಜ ಹೆರಿಗೆ ಮಾಡಿಸಬಹುದು. ವಿಶೇಷ ತರಬೇತಿ ಆಗಿದ್ದರೆ, ಹೆರಿಗೆ ಆದ ಮೇಲೆ ರಕ್ತ ನಿಲ್ಲಿಸಲು ಆಕ್ಸಿಟೋಸಿನ್ ಕೊಡಬಹುದು. ಬಸುರಿಗೆ ಬಿಪಿ ಏರಿ ಫಿಟ್ಸ್ ಬಂದರೆ ಮ್ಯಾಗ್ನೀಸಿಯಂ ಸಲ್ಫೇಟ್‌ನ ಮೊದಲ ಡೋಸ್ ಕೊಟ್ಟು ದೊಡ್ಡಾಸ್ಪತ್ರೆಗೆ ಕಳಿಸಬಹುದು. ಆಪರೇಷನ್ ಮಾತ್ರ ಡಾಕ್ಟರ ಕೆಲಸ. ಆದರೆ 2005ರ ನಂತರ ಜನನಿ ಸುರಕ್ಷಾ, ಆಶಾ ಕಾರ್ಯಕರ್ತೆಯರು, ಆಂಬುಲೆನ್ಸ್ ಬಂದ ಮೇಲೆ ಹೆರಿಗೆಗಳು ಆಸ್ಪತ್ರೆ ಸೇರಿದವು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 2005-06ರಲ್ಲಿ ಕರ್ನಾಟಕದ 100 ಹೆರಿಗೆಗಳಲ್ಲಿ ಸುಮಾರು 65 ಆಸ್ಪತ್ರೆಯಲ್ಲಿ ಆಗುತ್ತಿದ್ದವು, 2019-21ರಲ್ಲಿ 97. ತಾಯಂದಿರ ಜೀವ ಉಳಿಯಿತು, ಅದು ದೊಡ್ಡದು. ಸೂಲಗಿತ್ತಿಯ ಜಾಗಕ್ಕೆ ಬಂದ ನರ್ಸಮ್ಮನ ಕೈಯಲ್ಲಿ ಮಾತ್ರ ಈಗ ಮಗುವಿಗಿಂತ ಹೆಚ್ಚಾಗಿ ರಿಜಿಸ್ಟರ್ ಇರುತ್ತದೆ. ಸರ್ಕಾರ ಅವರ ಹುದ್ದೆಗೆ ‘ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ’ ಅಂತ ಹೊಸ ಹೆಸರನ್ನೂ ಇಟ್ಟಿದೆ.

ಇನ್ನು ನಮ್ಮ ಮನೆಗಳ ವಿಷಯ. ಪಿಯುಸಿ ಮುಗಿಸಿದ ಹೆಣ್ಣುಮಕ್ಕಳು ರಾಜಾಜಿನಗರ, ವಿಜಯನಗರ, ಕೆಂಗೇರಿ ಕಡೆಯ ನರ್ಸಿಂಗ್ ಶಾಲೆಗಳಿಗೆ ಬಸ್ ಹತ್ತುತ್ತಾರೆ. ಎರಡು ವರ್ಷದ ಎಎನ್‌ಎಂ, ಮೂರು ವರ್ಷದ ಜಿಎನ್‌ಎಂ, ನಾಲ್ಕು ವರ್ಷದ ಬಿಎಸ್ಸಿ, ಈ ಮೂರಕ್ಕೂ ಕೌನ್ಸಿಲ್ ನೋಂದಣಿ ಉಂಟು. ಆರು ತಿಂಗಳ ‘ನರ್ಸಿಂಗ್ ಅಸಿಸ್ಟೆಂಟ್’ ಸರ್ಟಿಫಿಕೇಟಿಗೆ ಇಲ್ಲ. ಅದನ್ನು ಪಡೆದವರು ರೋಗಿಯ ಆರೈಕೆಗೆ ಸಹಾಯಕರಾಗಬಹುದು, ನರ್ಸ್ ಅನ್ನಿಸಿಕೊಳ್ಳಲು ಬರುವುದಿಲ್ಲ. ಇಬ್ಬರೂ ವಾರ್ಡಿನಲ್ಲಿ ಒಂದೇ ತರಹ ಕಾಣುತ್ತಾರೆ, ಸಂಬಳದಲ್ಲಿ ಮತ್ತು ಸರ್ಕಾರಿ ನೇಮಕಾತಿಯಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ.

ಮಾನ್ಯತೆ ವಿಚಾರದಲ್ಲಿ ದೊಡ್ಡವರೇ ಜಗಳ ಆಡಿದ್ದುಂಟು. ರಾಜ್ಯದ ನರ್ಸಿಂಗ್ ಕಾಲೇಜುಗಳಿಗೆ ಭಾರತೀಯ ನರ್ಸಿಂಗ್ ಕೌನ್ಸಿಲ್ ಮಾನ್ಯತೆ ಬೇಕೋ, ರಾಜ್ಯದ್ದು ಸಾಕೋ ಎಂಬ ತಕರಾರು 2017ರಲ್ಲಿ ಹೈಕೋರ್ಟಿನಲ್ಲಿತ್ತು. ಇಲ್ಲಿ ಓದುತ್ತಿದ್ದ ಕೇರಳದ ಮಕ್ಕಳೆಲ್ಲ ಕಂಗಾಲಾಗಿದ್ದರು, ಹೊರಗೆ ಕೆಲಸ ಸಿಗುತ್ತದೋ ಇಲ್ಲವೋ ಅಂತ. 2023ರಲ್ಲಿ ಇಡೀ ದೇಶಕ್ಕೇ ಹೊಸ ನರ್ಸಿಂಗ್ ಆಯೋಗದ ಕಾಯ್ದೆ ಬಂದಿದೆ.

ಆದ್ದರಿಂದ ಮಗಳನ್ನು ಸೇರಿಸುವ ಮೊದಲು ಹಾಸ್ಟೆಲ್ ಫೀಸ್ ಆಮೇಲೆ ಕೇಳಿ. ಕೋರ್ಸ್ ಮುಗಿದ ಮೇಲೆ ನೋಂದಣಿ ಸಂಖ್ಯೆ ಸಿಗುತ್ತದೆಯೇ, ಹಿಂದಿನ ಬ್ಯಾಚಿನವರಿಗೆ ಸಿಕ್ಕಿದೆಯೇ ಅಂತ ಮೊದಲು ಕೇಳಿ. ಏಜೆಂಟ್ ಹೂಂ ಅಂದರೆ ಸಾಲದು, ಕೌನ್ಸಿಲ್‌ನಲ್ಲೇ ವಿಚಾರಿಸಿಕೊಳ್ಳಿ.