ಫಿಲರೇತೋಸನ ಸೀಸದ ಮುದ್ರೆಗಳು

ಕ್ರಿ. ಶ. 1071ರಲ್ಲಿ ಮಾಂಜಿಕರ್ಟ್ ಎಂಬಲ್ಲಿ ನಡೆದ ಯುದ್ಧದಲ್ಲಿ ಬಿಜಾಂಟಿಯಂ ಚಕ್ರವರ್ತಿಯಾದ ರೊಮಾನೋಸ್ ದಿಯೊಗೇನೇಸನು ಸೆಲ್ಜುಕ್ ತುರ್ಕರಿಗೆ ಸೆರೆಸಿಕ್ಕನು. ಬಿಡುಗಡೆ ಹೊಂದಿ ಬಂದವನನ್ನು ಸ್ವಜನರೇ ಪದಚ್ಯುತಗೊಳಿಸಿ, 1072ರಲ್ಲಿ ಕಣ್ಣು ಕೀಳಿಸಿದರು. ಆ ಅರಾಜಕದಲ್ಲಿ ತಲೆಯೆತ್ತಿದವನು ಆರ್ಮೀನಿಯ ಕುಲದ ಸೇನಾನಿಯಾದ ಫಿಲರೇತೋಸ್ ಬ್ರಖಾಮಿಯೋಸ್. ಈತನು ಹೊಸ ಚಕ್ರವರ್ತಿಗೆ ತಲೆಬಾಗದೆ ಮರಾಶ್, ಕಿಲಿಕಿಯ, ಎದೆಸ್ಸಗಳನ್ನೂ 1078ರಲ್ಲಿ ಅಂತಿಯೋಕಿಯ ಮಹಾನಗರವನ್ನೂ ಕೈವಶಮಾಡಿಕೊಂಡನು.

ಈತನನ್ನು ಕುರಿತು ಇತಿಹಾಸಕಾರರ ನುಡಿ ಬಹು ಕಠೋರವಾದುದು. ಸ್ವಕುಲದವನೇ ಆದ ಎದೆಸ್ಸದ ಮತ್ತೇಯನು ಇವನನ್ನು ಧರ್ಮಭ್ರಷ್ಟನೆಂದು ಜರೆದಿದ್ದಾನೆ. ಅಲೆಕ್ಸಿಯೋಸ್ ಚಕ್ರವರ್ತಿಯ ಮಗಳಾದ ಆನ್ನಾ ಕೊಮ್ನೇನೆಯಾದರೋ, ಇವನು ತುರ್ಕರ ಮತವನ್ನು ಸ್ವೀಕರಿಸಲು ನಿಶ್ಚಯಿಸಿದನೆಂದೂ, ಅದನ್ನು ಸಹಿಸದ ಮಗನೇ ನಿಕೇಯಕ್ಕೆ ಹೋಗಿ ಸುಲೈಮಾನನನ್ನು ಅಂತಿಯೋಕಿಯದ ಮೇಲೆ ಕರೆತಂದನೆಂದೂ ಬರೆದಿದ್ದಾಳೆ. ಕಥೆ ರಮ್ಯವಾಗಿದೆ; ರಮ್ಯವಾದುದೆಲ್ಲ ಪ್ರಮಾಣವಲ್ಲ.

ಇಂತಹ ಸ್ಥಳದಲ್ಲಿ ಆತನ ಸೀಸದ ಮುದ್ರೆಗಳು ಸಾಕ್ಷ್ಯಕ್ಕೆ ಬರುತ್ತವೆ. ಪತ್ರಕ್ಕೆ ಕಟ್ಟಿದ ದಾರವನ್ನು ಸೀಸದ ಬಿಲ್ಲೆಯ ನಡುವಣ ರಂಧ್ರದಲ್ಲಿ ತೂರಿಸಿ, ಅಕ್ಷರ ಕೊರೆದ ಕಬ್ಬಿಣದ ಇಕ್ಕಳದ ನಡುವೆ ಇಟ್ಟು, ಮೇಲೆ ಸುತ್ತಿಗೆಯಿಂದ ಹೊಡೆಯುವರು. ದಾರವನ್ನು ಕೊಯ್ಯದೆ ಪತ್ರ ತೆರೆಯದು. ಪತ್ರಗಳು ನಶಿಸಿದುವು; ಸೀಸ ಉಳಿಯಿತು. ಮುದ್ರೆಯಲ್ಲಿ ವರ್ಷವಿರುವುದಿಲ್ಲ, ಒಡೆಯನ ಹೆಸರೂ ಬಿರುದೂ ಮಾತ್ರ. ಆದಕಾರಣ ಬಿರುದಿನಿಂದಲೇ ಕಾಲವನ್ನು ನಿರ್ಣಯಿಸಬೇಕು.

ಫಿಲರೇತೋಸನ ಮುದ್ರೆಗಳಲ್ಲಿ ಬಿರುದುಗಳು ಮೆಟ್ಟಲು ಮೆಟ್ಟಲಾಗಿ ಏರುತ್ತವೆ. ಒಂದರಲ್ಲಿ ಅವನು ಕುರೊಪಲಾತೇಸ್. ಇದು 1078ರಲ್ಲಿ ಪಟ್ಟಕ್ಕೆ ಬಂದ ಬೊತಾನೆಯಾತೇಸನು ಅವನ ವಿಧೇಯತೆಯನ್ನು ಅಂಗೀಕರಿಸಿ ಕೊಟ್ಟ ಪದವಿ. ಆಮೇಲೆ ಸೆಬಾಸ್ತೋಸ್. ಕಡೆಗೆ ಪ್ರೋತೊಸೆಬಾಸ್ತೋಸ್, ಪೂರ್ವದೇಶದ ದೊಮೆಸ್ತಿಕೋಸ್, ಎಂದರೆ ಪೂರ್ವದ ಮಹಾಸೇನಾಪತಿ. ಈ ಪ್ರೋತೊಸೆಬಾಸ್ತೋಸ್ ಎಂಬುದೇ ಗಮನಾರ್ಹ. ಅದು 1081ರಲ್ಲಿ ಸಿಂಹಾಸನವೇರಿದ ಅಲೆಕ್ಸಿಯೋಸನು ಏರ್ಪಡಿಸಿದ ಪದವೀಕ್ರಮಕ್ಕೆ ಸೇರಿದುದು. ಅವನು ಅದನ್ನು ತನ್ನ ತಮ್ಮನಾದ ಅದ್ರಿಯಾನೋಸನಿಗೂ ಕೊಟ್ಟನು.

ಬಿರುದನ್ನು ತಾನೇ ಕಟ್ಟಿಕೊಂಡಿರಬಾರದೇಕೆ ಎಂದು ಆಕ್ಷೇಪಿಸಬಹುದು. ಹಾಗೆಂದರೂ ಆಕ್ಷೇಪಕನಿಗೆ ಲಾಭವಿಲ್ಲ. ಸ್ವತಂತ್ರನಾಗಬಯಸಿದವನು ಅಲೆಕ್ಸಿಯೋಸನ ಆಸ್ಥಾನದ ಪದವಿಯನ್ನು ಎರವು ತಂದು ಮೆರೆಯುವುದೇ ಆ ಆಸ್ಥಾನವನ್ನು ಒಪ್ಪಿಕೊಂಡಂತೆ. ಆನ್ನಳು ದೊಮೆಸ್ತಿಕೋಸ್ ಪದವಿಯನ್ನು ರೊಮಾನೋಸನು ಕೊಟ್ಟನೆಂದು ಹೇಳಿ, ತನ್ನ ತಂದೆಯ ಕಾಲದ ಹಿರಿಯ ಬಿರುದನ್ನು ಆ ಪ್ರಸಂಗದಲ್ಲಿ ಎತ್ತುವುದೇ ಇಲ್ಲ. ತಂದೆಯ ಕೀರ್ತಿಗಾಗಿ ಗ್ರಂಥ ರಚಿಸಿದವಳ ಈ ಮೌನ ಸಹಜವೇ ಸರಿ.

ಫಿಲರೇತೋಸನ ಹೃದಯದಲ್ಲಿ ಯಾವ ಮತವಿತ್ತೆಂಬುದನ್ನು ಸೀಸವು ಹೇಳಲಾರದು. ಆದರೆ ಕೊನೆಯ ಬಿರುದು 1081ಕ್ಕಿಂತ ಹಿಂದಿನದಲ್ಲ. ಅಂತಿಯೋಕಿಯವು ಸುಲೈಮಾನನ ಪಾಲಾದುದು 1084ರ ಡಿಸೆಂಬರಿನಲ್ಲಿ. ಈ ನಡುವಣ ವರ್ಷಗಳಲ್ಲಿ ಅಲೆಕ್ಸಿಯೋಸನು ಪಶ್ಚಿಮತೀರದಲ್ಲಿ ನಾರ್ಮನರೊಡನೆ ಹೋರಾಡುತ್ತಿದ್ದನು. 1081ರ ಅಕ್ಟೋಬರಿನಲ್ಲಿ ದ್ಯುರ್ರಾಖಿಯದ ಬಳಿ ಘೋರಪರಾಜಯವನ್ನೂ ಕಂಡನು. ಅಂತಿಯೋಕಿಯಕ್ಕೆ ಕಳುಹಿಸಲು ಅವನಲ್ಲಿ ಸೇನೆಯಿರಲಿಲ್ಲ, ಬಿರುದಿತ್ತು.