ಬಹುಮಾನದ ಹಣ, ನೆಲದ ಹಣ

ನಮ್ಮೂರು ಶಿಡ್ಲಘಟ್ಟ. ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹರಾಜು ಮುಗಿಸಿ ಬಂದ ಮಾವನನ್ನು ಯಾರಾದರೂ "ಎಷ್ಟಕ್ಕೆ ಹೋಯ್ತು?" ಎಂದು ಕೇಳಿದರೆ ಅವರು ಕೆಜಿಗೆ ಬಂದ ದರ ಹೇಳುತ್ತಾರೆ. ಒಮ್ಮೆ ನಾನು ಆ ದರವನ್ನು ತೂಕದಿಂದ ಗುಣಿಸಿ, "ಅಷ್ಟೊಂದು ಬಂತಾ ಮಾವ!" ಅಂದಿದ್ದೆ. "ಅದು ಗೂಡಿನ ಬೆಲೆ ಕಣಮ್ಮ, ನನ್ನ ಸಂಪಾದನೆ ಅಲ್ಲ" ಎಂದರು. ಚಾಕಿ ಹುಳು, ಸೊಪ್ಪು, ಆಳಿನ ಕೂಲಿ, ಗಾಡಿ ಬಾಡಿಗೆ ಎಲ್ಲ ಕಳೆದ ಮೇಲೆ ಉಳಿಯುವುದೇ ಬೇರೆ. ಒಂದು ಬೆಳೆಗೆ ರೋಗ ಬಂದರೆ ಅದೂ ಇಲ್ಲ.

ಕ್ರೀಡೆಯ ಸಾಮಾಜಿಕ ಇತಿಹಾಸ ಓದತೊಡಗಿದಾಗ ಈ ಮಾತು ಮತ್ತೆ ಮತ್ತೆ ನೆನಪಾಯಿತು. ಗಾಲ್ಫ್ ಆಟಗಾರರ ಬಗ್ಗೆ ಬರೆಯುವವರೆಲ್ಲ ಕೊನೆಗೆ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತಾರೆ: ಇವರು ಗಳಿಸಿದ್ದೆಷ್ಟು?

ನಮ್ಮ ಹತ್ತಿರದ ಉದಾಹರಣೆಯೊಂದನ್ನೇ ತೆಗೆದುಕೊಳ್ಳೋಣ. ಬೆಂಗಳೂರಿನ ಚಿನ್ನಸ್ವಾಮಿ ಮುನಿಯಪ್ಪ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನದಲ್ಲಿ ಕ್ಯಾಡಿಯಾಗಿದ್ದವರು. ಕ್ಯಾಡಿ ಎಂದರೆ ಸದಸ್ಯರ ಕೋಲುಗಳ ಚೀಲ ಹೊತ್ತು ಅವರ ಜೊತೆ ನಡೆಯುವವನು. ಚೆಂಡು ಹೋದ ದಿಕ್ಕು, ಹುಲ್ಲಿನ ಓರೆ, ಗಾಳಿಯ ಬೀಸು ಎಲ್ಲ ಅವನಿಗೆ ಗೊತ್ತಿರಬೇಕು. 2009ರ ಅಕ್ಟೋಬರ್‌ನಲ್ಲಿ ಗುರಗಾಂವ್‌ನಲ್ಲಿ ನಡೆದ ಇಂಡಿಯನ್ ಓಪನ್‌ನಲ್ಲಿ ಮುನಿಯಪ್ಪ ದಕ್ಷಿಣ ಕೊರಿಯಾದ ಲೀ ಸುಂಗ್ ಅವರನ್ನು ಪ್ಲೇಆಫ್‌ನಲ್ಲಿ ಸೋಲಿಸಿ ಗೆದ್ದರು. ಲೀ ಕೂಡ ಸುಲಭದ ದಾರಿಯಲ್ಲಿ ಬಂದವರಲ್ಲ, ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ. ಮುನಿಯಪ್ಪನವರಿಗೆ ಬಂದ ಬಹುಮಾನ ಸುಮಾರು 2 ಲಕ್ಷ ಡಾಲರ್, ಅಂದಿನ ದರದಲ್ಲಿ ಸುಮಾರು 90 ಲಕ್ಷ ರೂಪಾಯಿ.

ಇದು ಗೂಡಿನ ಬೆಲೆ. ವೃತ್ತಿಪರ ಗಾಲ್ಫ್ ಆಟಗಾರನಿಗೆ ತಿಂಗಳ ಸಂಬಳವಿಲ್ಲ. ಪ್ರಯಾಣ, ವಸತಿ, ಪ್ರವೇಶ ಶುಲ್ಕ, ತನ್ನ ಚೀಲ ಹೊರುವ ಕ್ಯಾಡಿಯ ಪಾಲು, ತೆರಿಗೆ ಎಲ್ಲವನ್ನೂ ಅವನೇ ನೋಡಿಕೊಳ್ಳಬೇಕು. ಸಾಮಾನ್ಯವಾಗಿ ನಾಲ್ಕು ದಿನದ ಪಂದ್ಯದಲ್ಲಿ ಎರಡನೇ ದಿನದ ಕೊನೆಗೆ ಹಿಂದುಳಿದವರನ್ನು ಕೈಬಿಡುತ್ತಾರೆ. ಆ ಗೆರೆಯ ಕೆಳಗೆ ಬಿದ್ದವನು ಬರಿಗೈಯಲ್ಲಿ ಊರಿಗೆ ಮರಳುತ್ತಾನೆ.

ಹಾಗಾದರೆ ಗಾಲ್ಫ್‌ನಲ್ಲಿ ಸಿರಿವಂತರಾದವರ ಹಣ ಎಲ್ಲಿಂದ ಬಂತು? 2005ರಲ್ಲಿ ಸೇಂಟ್ ಆಂಡ್ರೂಸ್‌ನಲ್ಲಿ ಪ್ರಮುಖ ಪಂದ್ಯಗಳಿಗೆ ವಿದಾಯ ಹೇಳಿದ ಅಮೆರಿಕದ ಜ್ಯಾಕ್ ನಿಕ್ಲಾಸ್ 18 ಮೇಜರ್ ಪ್ರಶಸ್ತಿಗಳನ್ನು ಗೆದ್ದವರು. ಆ ದಾಖಲೆ ಇನ್ನೂ ಮುರಿದಿಲ್ಲ. ಆದರೆ ಪಿಜಿಎ ಟೂರ್‌ನಲ್ಲಿ ಇಡೀ ಜೀವಮಾನದಲ್ಲಿ ಅವರು ಗಳಿಸಿದ ಬಹುಮಾನ ಸುಮಾರು 57 ಲಕ್ಷ ಡಾಲರ್. ಈಚಿನ ವರ್ಷಗಳಲ್ಲಿ ಪ್ಲೇಯರ್ಸ್ ಚಾಂಪಿಯನ್‌ಶಿಪ್ ಒಂದನ್ನು ಗೆದ್ದವರಿಗೇ 45 ಲಕ್ಷ ಡಾಲರ್ ಸಿಕ್ಕಿದೆ. ನಿಕ್ಲಾಸ್ ಅವರ ದೊಡ್ಡ ವ್ಯವಹಾರ ಬೆಳೆದದ್ದು ಮೈದಾನ ವಿನ್ಯಾಸದಿಂದ. ಅವರ ಸಂಸ್ಥೆ ಜಗತ್ತಿನಾದ್ಯಂತ 400ಕ್ಕೂ ಹೆಚ್ಚು ಗಾಲ್ಫ್ ಮೈದಾನಗಳನ್ನು ರೂಪಿಸಿದೆ. ಅಂಥ ಅನೇಕ ಮೈದಾನಗಳ ಸುತ್ತ ಮನೆಗಳು ಏಳುತ್ತವೆ, ಮನೆಗಳ ಬೆಲೆಗೆ ಆಟಗಾರನ ಹೆಸರು ಸೇರಿಕೊಳ್ಳುತ್ತದೆ. ಮುನಿಯಪ್ಪ ಗೆದ್ದ ಗುರಗಾಂವ್‌ನ ಮೈದಾನ ಕೂಡ ಒಂದು ರಿಯಲ್ ಎಸ್ಟೇಟ್ ಕಂಪನಿಯದು. ಅದರ ವಿನ್ಯಾಸಕ್ಕೆ ಮತ್ತೊಬ್ಬ ದಿಗ್ಗಜ ಆರ್ನಾಲ್ಡ್ ಪಾಮರ್ ಅವರ ಹೆಸರಿತ್ತು. ಒಂದೇ ಹುಲ್ಲಿನ ಮೇಲೆ ಒಬ್ಬರಿಗೆ ಬಹುಮಾನದ ಹಣ, ಇನ್ನೊಬ್ಬರಿಗೆ ನೆಲದ ಹಣ.

ನಮ್ಮ ಸೀಮೆಗೆ ಈ ನೆಲದ ಕಥೆ ಹೊಸದಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ 2007ರವರೆಗೂ ಕೋಲಾರ ಜಿಲ್ಲೆಯಲ್ಲೇ ಇದ್ದವು. ಅದೇ ಜಿಲ್ಲೆಯ ಕೆಜಿಎಫ್‌ನಲ್ಲಿ, ಚಿನ್ನದ ಗಣಿ ನಡೆಸುತ್ತಿದ್ದ ಬ್ರಿಟಿಷರು ತಮ್ಮ ಕ್ಲಬ್ಬು, ಗಾಲ್ಫ್ ಮೈದಾನ ಮಾಡಿಕೊಂಡಿದ್ದರು. ಬೆಂಗಳೂರು ಗಾಲ್ಫ್ ಕ್ಲಬ್ ಅದಕ್ಕೂ ಹಿಂದಿನದು, 1876ರದು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆಯಿತು, ಸುತ್ತಲಿನ ಜಮೀನಿನ ಬೆಲೆ ಏರಿತು. ಈಗ ನಂದಿ ಬೆಟ್ಟದ ಬುಡದಲ್ಲೇ ಗಾಲ್ಫ್ ಮೈದಾನ, ಅದರ ಅಂಚಿಗೆ ವಿಲ್ಲಾಗಳು. ರಾಗಿ, ದ್ರಾಕ್ಷಿ, ಹಿಪ್ಪುನೇರಳೆ ಬೆಳೆಯುವ ಸೀಮೆಯಲ್ಲಿ ವರ್ಷವಿಡೀ ಹಸಿರಾಗಿರುವ ಹುಲ್ಲು ಬಸ್ಸಿನಲ್ಲಿ ಹೋಗುವವರ ಕಣ್ಣಿಗೆ ತಟ್ಟನೆ ಬೀಳುತ್ತದೆ.

ಆಟ ಗೆದ್ದರೂ ನೆಲ ಸಿಗದವರ ಪೈಕಿ ನನ್ನನ್ನು ಹೆಚ್ಚು ಕಾಡುವವರು ಡರ್ಬನ್‌ನ ಪಾಪ್ವಾ ಸೆವ್‌ಗೋಲಂ. ಭಾರತದಿಂದ ಕೂಲಿಗಳಾಗಿ ದಕ್ಷಿಣ ಆಫ್ರಿಕಾಕ್ಕೆ ಹೋದವರ ವಂಶದವರು, ಅವರೂ ಕ್ಯಾಡಿ. 1959, 1960 ಮತ್ತು 1964ರಲ್ಲಿ ಡಚ್ ಓಪನ್ ಗೆದ್ದರು. 1963ರಲ್ಲಿ ನಟಾಲ್ ಓಪನ್ ಗೆದ್ದಾಗ ಬಿಳಿಯರ ಕ್ಲಬ್ ಕಟ್ಟಡದೊಳಗೆ ಅವರಿಗೆ ಪ್ರವೇಶವಿರಲಿಲ್ಲ, ಮಳೆಯಲ್ಲಿ ಹೊರಗೆ ನಿಂತೇ ಟ್ರೋಫಿ ಪಡೆದರು. 1965ರಲ್ಲಿ ಅದೇ ಪಂದ್ಯದಲ್ಲಿ ಗ್ಯಾರಿ ಪ್ಲೇಯರ್ ಅವರನ್ನೇ ಹಿಂದಿಕ್ಕಿದರು. ಆಮೇಲೆ ವರ್ಣಭೇದದ ಸರ್ಕಾರ ಅವರಿಗೆ ಬಿಳಿಯರ ಪಂದ್ಯಗಳ ಬಾಗಿಲು ಮುಚ್ಚಿತು. 1978ರಲ್ಲಿ ಬಡತನದಲ್ಲೇ ತೀರಿಕೊಂಡರು. ಈಗ ಡರ್ಬನ್‌ನ ಒಂದು ಗಾಲ್ಫ್ ಮೈದಾನಕ್ಕೆ ಅವರ ಹೆಸರಿದೆ.

ಮುನಿಯಪ್ಪನವರ ಕಥೆ ಅದಲ್ಲ. ಅವರು ಗೆದ್ದರು, ಟ್ರೋಫಿಯೂ ಸಿಕ್ಕಿತು, ಹಣವೂ ಸಿಕ್ಕಿತು. ಅವರ ಆಸ್ತಿ ಎಷ್ಟೆಂದು ಲೆಕ್ಕ ಹಾಕುವ ಇರಾದೆ ನನಗಿಲ್ಲ. ನನ್ನ ಆಸಕ್ತಿ ಬೇರೆ ಲೆಕ್ಕದ್ದು: ದಿನಗೂಲಿಗೆ ಚೀಲ ಹೊತ್ತು, ಮೈದಾನ ಖಾಲಿಯಿದ್ದಾಗ ಆಟ ಕಲಿತು, ಒಂದೂ ಪಂದ್ಯ ಗೆಲ್ಲದೆ ವಯಸ್ಸಾದ ಕ್ಯಾಡಿಗಳ ಲೆಕ್ಕ. ಕ್ಲಬ್ಬುಗಳ ಗೋಡೆಯ ಮೇಲಿನ ಮರದ ಹಲಗೆಗಳಲ್ಲಿ ಅಧ್ಯಕ್ಷರ, ನಾಯಕರ ಹೆಸರುಗಳಿವೆ. ನಾನು ಹೋದ ಒಂದು ಕ್ಲಬ್ಬಿನಲ್ಲಿ ಕ್ಯಾಡಿಗಳ ಹಳೆಯ ಹಾಜರಿ ಪುಸ್ತಕ ಕೇಳಿದೆ. ಗುಮಾಸ್ತರು ನಕ್ಕು, "ಅದನ್ನೆಲ್ಲ ಯಾರಮ್ಮ ಇಟ್ಕೋತಾರೆ?" ಅಂದರು.

ಮಾವ ಮಾತ್ರ ಪ್ರತಿ ಬೆಳೆಯ ಚೀಟಿಯನ್ನೂ ತಂತಿಗೆ ಚುಚ್ಚಿ ಇಟ್ಟಿದ್ದಾರೆ. ಗೂಡಿನ ಬೆಲೆಯ ಪಕ್ಕದಲ್ಲೇ ಪೆನ್ಸಿಲ್ಲಿನಲ್ಲಿ ಖರ್ಚೂ ಬರೆದಿರುತ್ತದೆ. ಕ್ಯಾಡಿಗಳ ಇತಿಹಾಸ ಬರೆಯಲು ನನಗೆ ಬೇಕಿರುವುದು ಅಂಥ ಚೀಟಿಗಳೇ. ಕ್ಲಬ್ಬಿನಲ್ಲಿ ಸಿಗದ ಮೇಲೆ, ಈಗ ಹಳೆಯ ಕ್ಯಾಡಿಗಳ ಮನೆಗಳನ್ನು ಹುಡುಕಿಕೊಂಡು ಹೊರಟಿದ್ದೇನೆ.