ಎರಡು ಮೆಜೆಸ್ಟಿಕ್‌ಗಳು, ಒಂದು ಗಾಂಧಿನಗರ

ಬೆಂಗಳೂರಿನ ಯಾವ ಮೂಲೆಯಲ್ಲಿ ಬಸ್ಸು ಹತ್ತಿದರೂ ನಿರ್ವಾಹಕನ ಬಾಯಿಂದ ಬರುವ ಹೆಸರು ಒಂದೇ: ಮೆಜೆಸ್ಟಿಕ್. ಸರ್ಕಾರದ ಕಡತಗಳಲ್ಲಿ ಅದು ಕೆಂಪೇಗೌಡ ಬಸ್ ನಿಲ್ದಾಣ. ಎದುರಿನ ರೈಲು ನಿಲ್ದಾಣಕ್ಕೆ ಸಂಗೊಳ್ಳಿ ರಾಯಣ್ಣನ ಹೆಸರು, ನೆಲದಡಿಯ ಮೆಟ್ರೊ ನಿಲ್ದಾಣಕ್ಕೆ ಮತ್ತೆ ನಾಡಪ್ರಭು ಕೆಂಪೇಗೌಡರ ಹೆಸರು. ಬಸ್ಸುಗಳು ನಿಲ್ಲುವ ಆ ನೆಲ ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆಯ ಅಂಗಳ. ಊರು ಕಟ್ಟಿದ ಪ್ರಭುವಿನ ಹೆಸರು, ಊರಿಗೆ ನೀರುಣಿಸಿದ ಕೆರೆಯ ಹೆಸರು, ಸ್ವಾತಂತ್ರ್ಯಕ್ಕಾಗಿ ಹೋರಾಡಿದ ವೀರನ ಹೆಸರು, ಇವೆಲ್ಲವನ್ನೂ ಬದಿಗೊತ್ತಿ ಜನರ ನಾಲಗೆಯ ಮೇಲೆ ನಿಂತದ್ದು ಒಂದು ಚಿತ್ರಮಂದಿರದ ಹೆಸರು. ಆ ಚಿತ್ರಮಂದಿರ ಇಂದು ಇಲ್ಲ. ದಿನನಿತ್ಯ ಅದರ ಹೆಸರು ಹೇಳುವ ಲಕ್ಷಾಂತರ ಮಂದಿಯಲ್ಲಿ ಅದನ್ನು ಕಣ್ಣಾರೆ ಕಂಡವರು ಬಹಳ ಕಡಿಮೆ.

ಮುಂಬಯಿಯಲ್ಲಿ ನೆಲೆಸಿದ ನಮಗೆ ಇನ್ನೊಂದು ಮೆಜೆಸ್ಟಿಕ್ ಗೊತ್ತು. ಅದು ಗಿರಗಾಂವದ್ದು. ಈ ಎರಡು ಮೆಜೆಸ್ಟಿಕ್‌ಗಳನ್ನು ಜೊತೆಯಲ್ಲಿಟ್ಟು ನೋಡಿದರೆ ಕನ್ನಡಕ್ಕೂ ಚಿತ್ರಮಂದಿರಕ್ಕೂ ಇರುವ ನಂಟು ಎಂಥದೆಂಬುದು ಸ್ಪಷ್ಟವಾಗುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಗಿರಗಾಂವ ಭಾರತೀಯ ಚಿತ್ರರಂಗದ ತೊಟ್ಟಿಲು. 1896ರ ಜುಲೈ 7ರಂದು ಲೂಮಿಯೇರ್ ಸಹೋದರರ ಚಲಿಸುವ ಚಿತ್ರಗಳು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಮೊದಲ ಬಾರಿಗೆ ಪ್ರದರ್ಶಿತವಾದವು. ಪ್ರವೇಶ ದರ ಒಂದು ರೂಪಾಯಿ. ಅಂದಿನ ಒಂದು ರೂಪಾಯಿ ಕೂಲಿಕಾರನ ಕೈಗೆಟುಕುವ ಹಣವಲ್ಲ. ಅಲ್ಲಿಂದ 17 ವರ್ಷಗಳ ತರುವಾಯ, 1913ರ ಮೇ 3ರಂದು, ದಾದಾಸಾಹೇಬ್ ಫಾಲ್ಕೆಯವರ 'ರಾಜಾ ಹರಿಶ್ಚಂದ್ರ' ಗಿರಗಾಂವದ ಕಾರೋನೇಷನ್ ಚಿತ್ರಮಂದಿರದಲ್ಲಿ ತೆರೆ ಕಂಡಿತು. ಅದು ಮೂಕಿಚಿತ್ರಗಳ ಕಾಲ. ಪರದೆಯ ಮೇಲೆ ಮೂಡುತ್ತಿದ್ದ ನಾಲ್ಕಾರು ಬರಹದ ಸಾಲುಗಳನ್ನು ಬಿಟ್ಟರೆ ಚಿತ್ರಕ್ಕೆ ಭಾಷೆಯೆಂಬುದೇ ಇರಲಿಲ್ಲ. ಓದು ಬಾರದವನಿಗೆ ಪಕ್ಕದಲ್ಲಿ ಕುಳಿತವನು ಓದಿ ಹೇಳಿದರೆ ಸಾಕಿತ್ತು. ಕೊಂಕಣಿಗ, ಗುಜರಾತಿ, ತೆಲುಗ, ಕನ್ನಡಿಗ ಯಾರೇ ಆಗಲಿ, ಹರಿಶ್ಚಂದ್ರನ ಸಂಕಟ ತಿಳಿಯಲು ಮಾತಿನ ಹಂಗಿರಲಿಲ್ಲ.

ಈ ಸ್ಥಿತಿ ಬದಲಾದದ್ದು 1931ರ ಮಾರ್ಚ್ 14ರಂದು, ಗಿರಗಾಂವದ ಮೆಜೆಸ್ಟಿಕ್‌ನಲ್ಲಿ. ಅರ್ದೇಶಿರ್ ಇರಾನಿಯವರ 'ಆಲಂ ಆರಾ' ಭಾರತದ ಮೊದಲ ವಾಕ್ಚಿತ್ರವಾಗಿ ಅಲ್ಲಿ ತೆರೆಗೆ ಬಂದಿತು. ಸ್ಟುಡಿಯೊದ ಪಕ್ಕದಲ್ಲೇ ರೈಲು ಹಳಿ ಇದ್ದುದರಿಂದ ಗಾಡಿಗಳ ಸದ್ದಡಗಿದ ನಡುರಾತ್ರಿಯಲ್ಲಿ ಅದನ್ನು ಚಿತ್ರಿಸಲಾಗಿತ್ತು. ಬಿಡುಗಡೆಯ ದಿನ ಜನಜಂಗುಳಿಯನ್ನು ಹತೋಟಿಗೆ ತರಲು ಪೊಲೀಸರು ಬರಬೇಕಾಯಿತು. ನಾಲ್ಕಾಣೆಯ ಟಿಕೆಟ್ಟು ಕಾಳಸಂತೆಯಲ್ಲಿ ನಾಲ್ಕೈದು ರೂಪಾಯಿಗೆ ಬಿಕರಿಯಾಯಿತೆಂದು ಹೇಳುವುದುಂಟು. ಇಂದು 'ಆಲಂ ಆರಾ'ದ ಒಂದು ಪ್ರತಿಯೂ ಉಳಿದಿಲ್ಲ. ಚಿತ್ರಮಂದಿರವೂ 1970ರ ದಶಕದ ಆರಂಭದಲ್ಲಿ ನೆಲಸಮವಾಯಿತು. ಆ ಹೆಸರನ್ನು ಹೊತ್ತ ಒಂದು ವಾಣಿಜ್ಯ ಸಂಕೀರ್ಣ ಗಿರಗಾಂವದಲ್ಲಿದೆ. ಮರಾಠಿ ಓದುಗರಿಗೆ ಚಿರಪರಿಚಿತವಾದ ಗ್ರಂಥ ಪ್ರಕಾಶನವೊಂದಕ್ಕೂ ಅದೇ ಹೆಸರು.

ಚಿತ್ರಕ್ಕೆ ಮಾತು ಬಂದ ದಿನವೇ ಪ್ರೇಕ್ಷಕರು ಭಾಷೆಯ ಪ್ರಕಾರ ಬೇರೆಬೇರೆಯಾದರು. ಅಲ್ಲಿಯವರೆಗೆ ಎಲ್ಲರದೂ ಆಗಿದ್ದ ಕತ್ತಲೆಯ ಕೋಣೆ ಇನ್ನು ಮುಂದೆ ಒಂದೊಂದು ಭಾಷೆಯ ಮನೆಯಾಯಿತು. ಆದರೆ ಕನ್ನಡಕ್ಕೆ ಆ ಮನೆ ಒಲಿದ ಬಗೆ ಇತರರಿಗಿಂತ ಭಿನ್ನ.

ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರ ಮಾರ್ಚ್ 3ರಂದು ಬೆಂಗಳೂರಿನ ಸಿಟಿ ಮಾರುಕಟ್ಟೆಯ ಬಳಿಯ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ಬಿಡುಗಡೆಯಾಯಿತು. ವೈ.ವಿ. ರಾವ್ ನಿರ್ದೇಶಕರು, ಚಮನ್‌ಲಾಲ್ ಡುಂಗಾಜಿ ನಿರ್ಮಾಪಕರು, ಬೆಳ್ಳಾವೆ ನರಹರಿ ಶಾಸ್ತ್ರಿಗಳದು ಸಾಹಿತ್ಯ. ವೃತ್ತಿ ರಂಗಭೂಮಿಯ ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು, ತ್ರಿಪುರಾಂಬ ಮುಖ್ಯ ನಟರು. ಚಿತ್ರ ತಯಾರಾದದ್ದು ಮಾತ್ರ ಕೊಲ್ಹಾಪುರದ ಛತ್ರಪತಿ ಸಿನೆಟೋನ್ ಸ್ಟುಡಿಯೊದಲ್ಲಿ. ಅದೇ ವರ್ಷದ 'ಭಕ್ತ ಧ್ರುವ' ಸಿದ್ಧವಾದದ್ದು ಮುಂಬಯಿಯಲ್ಲಿ, ಮರಾಠಿ ರಂಗಭೂಮಿಯ ಪಾರ್ಶ್ವನಾಥ ಆಳ್ತೇಕರರ ನಿರ್ದೇಶನದಲ್ಲಿ. ಮುಂದಿನ ದಶಕಗಳಲ್ಲಿ ಕನ್ನಡ ಚಿತ್ರೋದ್ಯಮ ಹೆಚ್ಚಾಗಿ ಮದರಾಸನ್ನು ಆಶ್ರಯಿಸಿತು. 1954ರಲ್ಲಿ 'ಬೇಡರ ಕಣ್ಣಪ್ಪ' ಚಿತ್ರದಿಂದ ನಾಯಕನಟರಾದ ರಾಜ್‌ಕುಮಾರ್ ಅವರೂ ದೀರ್ಘಕಾಲ ಮದರಾಸಿನಲ್ಲೇ ಸಂಸಾರ ಹೂಡಿದ್ದರು. ಮೈಸೂರಿನಲ್ಲಿ ಪ್ರೀಮಿಯರ್ ಸ್ಟುಡಿಯೊ ತಲೆಯೆತ್ತಿ, 1966ರಲ್ಲಿ ಬೆಂಗಳೂರಿನ ಕಂಠೀರವ ಸ್ಟುಡಿಯೊ ಸ್ಥಾಪನೆಯಾಗಿ, ಸರ್ಕಾರದ ಸಹಾಯಧನ ಆರಂಭವಾದ ಮೇಲೆ ಉದ್ಯಮ ನಿಧಾನವಾಗಿ ನಾಡಿನ ಕಡೆಗೆ ಮುಖ ಮಾಡಿತು.

ಇದರ ಅರ್ಥ ಇಷ್ಟು. ಕನ್ನಡ ಚಿತ್ರಗಳು ಬಹುಕಾಲ ಹುಟ್ಟುತ್ತಿದ್ದುದು ಪರವೂರಿನಲ್ಲಿ, ಬಾಳುತ್ತಿದ್ದುದು ಸ್ವಂತ ಊರಿನ ಚಿತ್ರಮಂದಿರದಲ್ಲಿ. ತಮಿಳು ಚಿತ್ರೋದ್ಯಮಕ್ಕೆ ಕೋಡಂಬಾಕ್ಕಂ ಎಂಬ ಪರ್ಯಾಯ ನಾಮವಿದೆ. ಅದು ಸ್ಟುಡಿಯೊಗಳ ಬಡಾವಣೆ. ಕನ್ನಡ ಚಿತ್ರೋದ್ಯಮವನ್ನು ನಾವು ಗಾಂಧಿನಗರ ಎನ್ನುತ್ತೇವೆ. ಅದು ವಿತರಕರ ಕಚೇರಿಗಳ, ಚಿತ್ರಮಂದಿರಗಳ ಬಡಾವಣೆ. ಚಿತ್ರವನ್ನು ತಯಾರಿಸುವ ಜಾಗದಿಂದ ಅವರ ಉದ್ಯಮಕ್ಕೆ ಹೆಸರು ಬಂದರೆ, ಚಿತ್ರವನ್ನು ಜನರಿಗೆ ತೋರಿಸುವ ಜಾಗದಿಂದ ನಮ್ಮದಕ್ಕೆ ಹೆಸರು ಬಂದಿತು.

ಆದ್ದರಿಂದಲೇ ಬೆಂಗಳೂರಿನ ಚಿತ್ರಮಂದಿರ ಕನ್ನಡ ಚಳವಳಿಯ ಅಂಗಳವೂ ಆಯಿತು. ರಾಜಧಾನಿಯ ಪರದೆಗಳ ಮೇಲೆ ತಮಿಳು, ಹಿಂದಿ, ತೆಲುಗು, ಇಂಗ್ಲಿಷ್ ಚಿತ್ರಗಳೇ ಮೆರೆಯುತ್ತಿದ್ದ 1960ರ ದಶಕದಲ್ಲಿ ಅ.ನ.ಕೃ., ಮ. ರಾಮಮೂರ್ತಿ ಮೊದಲಾದವರ ನಾಯಕತ್ವದ ಚಳವಳಿ ಎತ್ತಿದ ಪ್ರಶ್ನೆಗಳಲ್ಲಿ ಇದೂ ಒಂದು: ಕನ್ನಡದ ನಾಡಿನಲ್ಲಿ ಕನ್ನಡ ಚಿತ್ರಕ್ಕೆ ಪರದೆ ಏಕಿಲ್ಲ? ಕಾದಂಬರಿಕಾರರೂ ಪತ್ರಕರ್ತರೂ ಚಿತ್ರಮಂದಿರದ ಬಾಗಿಲಲ್ಲಿ ನಿಂತು ಭಾಷೆಯ ಮಾತಾಡಬೇಕಾಗಿ ಬಂದುದನ್ನು ಇಂದಿನವರು ವಿಚಿತ್ರವೆಂದು ಭಾವಿಸಬಹುದು. ಅಂದು ಕನ್ನಡ ಸಾರ್ವಜನಿಕವಾಗಿ, ಗಟ್ಟಿಯಾಗಿ, ಸಾವಿರ ಜನರ ಕಿವಿಗೆ ಒಟ್ಟಿಗೆ ಬೀಳುವ ಸ್ಥಳ ಅದಕ್ಕಿಂತ ದೊಡ್ಡದು ಬೇರೆ ಯಾವುದಿತ್ತು?

ಆ ಹಂಬಲದ ಫಲ 1970ರ ದಶಕದಲ್ಲಿ ಕೆಂಪೇಗೌಡ ರಸ್ತೆಯಲ್ಲಿ ಕಣ್ಣಿಗೆ ಕಂಡಿತು. ಸಾಗರ್, ಕೆಂಪೇಗೌಡ, ಸ್ಟೇಟ್ಸ್, ಗೀತಾ, ಅಲಂಕಾರ್, ಹಿಮಾಲಯ, ಮೇನಕಾ, ಅಭಿನಯ, ಸಂತೋಷ್, ನರ್ತಕಿ, ತ್ರಿವೇಣಿ, ಅನುಪಮ: ಅಕ್ಕಪಕ್ಕದ ಬೀದಿಗಳನ್ನೂ ಸೇರಿಸಿದರೆ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಲಾಗದು. 1972ರಲ್ಲಿ ತೆರೆ ಕಂಡ 'ಬಂಗಾರದ ಮನುಷ್ಯ' ಮುಂದೆ ಭೂಮಿಕಾ ಎಂದು ಹೆಸರಾದ ಸ್ಟೇಟ್ಸ್‌ನಲ್ಲಿ ಎರಡು ವರ್ಷ ನಡೆಯಿತು. ಸುಬೇದಾರ್ ಛತ್ರಂ ರಸ್ತೆಯ ಕಪಾಲಿಯನ್ನು 1968ರಲ್ಲಿ ಮೊರಾರ್ಜಿ ದೇಸಾಯಿಯವರು ಉದ್ಘಾಟಿಸಿದ್ದರು. ಸಾವಿರಕ್ಕೂ ಮಿಕ್ಕಿದ ಆಸನಗಳು, ಬಾಗಿದ ಅಗಲವಾದ ಸಿನೆರಾಮ ಪರದೆ. ಊರಿಂದ ಬಂದ ನೆಂಟರಿಗೆ ಲಾಲ್‌ಬಾಗ್, ವಿಧಾನಸೌಧಗಳ ಜೊತೆಗೆ ಅದನ್ನೂ ತೋರಿಸಬೇಕಿತ್ತು. ಇಲ್ಲಿ 'ಮೇನ್ ಥಿಯೇಟರ್' ಎಂಬ ಮಾತೇ ಹುಟ್ಟಿಕೊಂಡಿತು. ಚಿತ್ರವೊಂದು ರಾಜ್ಯದಾದ್ಯಂತ ತೆರೆ ಕಂಡರೂ ಕೆಂಪೇಗೌಡ ರಸ್ತೆಯಲ್ಲಿ ಅದಕ್ಕೊಂದು ಮುಖ್ಯ ಚಿತ್ರಮಂದಿರ ಬೇಕು. ಅಲ್ಲಿ ನಾಯಕನ ಆಳೆತ್ತರ ಮೀರಿದ ಕಟೌಟು ನಿಲ್ಲಬೇಕು, ಹೂವಿನ ಹಾರ ಬೀಳಬೇಕು. ಮೊದಲ ಆಟ ಬಿಟ್ಟು ಹೊರಬರುವವರ ಮುಖ ನೋಡಿಯೇ ವಿತರಕರು ಚಿತ್ರದ ಹಣೆಬರಹ ಓದುತ್ತಿದ್ದರು.

ರಾಜಧಾನಿಗೆ ಕಾಲಿಡದ ಕೋಟ್ಯಂತರ ಕನ್ನಡಿಗರಿಗೆ ಇದೇ ಲೋಕ ಟೂರಿಂಗ್ ಟಾಕೀಸಿನ ರೂಪದಲ್ಲಿ ಹಳ್ಳಿಗೆ ಬಂದಿತು. ಸಂಜೆ ಟೆಂಟಿನ ಧ್ವನಿವರ್ಧಕದಲ್ಲಿ ಘಂಟಸಾಲರ ಕಂಠದ ವೆಂಕಟೇಶ್ವರ ಸ್ತುತಿ ಮೊಳಗಿದರೆ ಆಟ ಶುರುವಾಗುವ ಹೊತ್ತಾಯಿತೆಂದು ಸುತ್ತಲಿನ ಊರುಗಳಿಗೆ ತಿಳಿಯುತ್ತಿತ್ತು. ನೆಲ, ಬೆಂಚು, ಕುರ್ಚಿ ಎಂಬ ಮೂರು ದರ್ಜೆ. ನೆಲದವರು ಮರಳನ್ನು ಗುಡ್ಡೆ ಮಾಡಿ ಅದರ ಮೇಲೆ ಕೂತು ಹಿಂದಿನವರಿಂದ ಬೈಸಿಕೊಳ್ಳುತ್ತಿದ್ದರು. ಒಂದೇ ಪ್ರೊಜೆಕ್ಟರ್ ಇರುವಲ್ಲಿ ಪ್ರತಿ ರೀಲಿಗೂ ದೀಪ ಹತ್ತುತ್ತಿತ್ತು. ಪಟ್ಟಣದ ಮಂದಿರಗಳಲ್ಲಿ ಎರಡು ಯಂತ್ರಗಳು. ಸಾವಿರ ಅಡಿಯ ರೀಲು ಓಡುವುದು ಸುಮಾರು 11 ನಿಮಿಷ. ಪರದೆಯ ಬಲತುದಿಯಲ್ಲಿ ಚುಕ್ಕೆ ಮಿಂಚಿದೊಡನೆ ಆಪರೇಟರು ಎರಡನೆಯ ಯಂತ್ರಕ್ಕೆ ಬದಲಾಯಿಸಬೇಕು. ಕಾರ್ಬನ್ ಕಡ್ಡಿಗಳೆರಡರ ನಡುವೆ ಉರಿಯುವ ಕಿಡಿಯೇ ಬೆಳಕು. ಕಡ್ಡಿ ಸವೆದಂತೆ ಅವುಗಳ ನಡುವಿನ ಅಂತರವನ್ನು ಸರಿಪಡಿಸುತ್ತಲೇ ಇರಬೇಕು. ಸ್ವಲ್ಪ ಮೈಮರೆತರೆ ಪರದೆ ಮಂಕಾಗಿ ಗಾಂಧಿ ಕ್ಲಾಸಿನಿಂದ ಶಿಳ್ಳೆ ಏಳುತ್ತಿತ್ತು.

ನಾಡಿನ ಹೊರಗಿರುವ ನಮ್ಮಂಥವರಿಗೆ ಚಿತ್ರಮಂದಿರ ಕೊಟ್ಟದ್ದು ವಾರಕ್ಕೊಮ್ಮೆ, ಕೆಲವೊಮ್ಮೆ ತಿಂಗಳಿಗೊಮ್ಮೆ ಎರಡೂವರೆ ಗಂಟೆಯ ಕನ್ನಡ. ಮಾಟುಂಗದ ಅರೋರಾ ದಕ್ಷಿಣದ ಚಿತ್ರಗಳಿಗೆ ಹೆಸರಾಗಿತ್ತು. ಕನ್ನಡ ಚಿತ್ರಕ್ಕೆ ಸಾಮಾನ್ಯವಾಗಿ ದೊರೆಯುತ್ತಿದ್ದುದು ಭಾನುವಾರದ ಬೆಳಗಿನ ಒಂದೇ ಆಟ. ಊರಿನಲ್ಲಿ ಓಡಿ ದಣಿದ ಪ್ರತಿ ತಗಡಿನ ಪೆಟ್ಟಿಗೆಯಲ್ಲಿ ಬರುತ್ತಿತ್ತು. ಗೀಚು ಗೆರೆಗಳು ಪರದೆಯ ಮೇಲೆ ಮಳೆಯಂತೆ ಸುರಿಯುತ್ತಿದ್ದವು. ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿಯುತ್ತಿದ್ದ ಹುಡುಗರು, ಬ್ಯಾಂಕಿನ ನೌಕರರು, ಸೀರೆಯುಟ್ಟು ಮಲ್ಲಿಗೆ ಮುಡಿದು ಬಂದ ಗೃಹಿಣಿಯರು ಒಂದೇ ಸಾಲಿನಲ್ಲಿ ನಿಲ್ಲುತ್ತಿದ್ದರು. ತುಳು, ಕೊಂಕಣಿ, ಧಾರವಾಡದ ಕನ್ನಡ, ಮೈಸೂರಿನ ಕನ್ನಡ ಎಲ್ಲವೂ ಆ ಸಾಲಿನಲ್ಲಿ ಕೇಳಿಬರುತ್ತಿದ್ದವು. ಯಾರ ಮನೆಯಲ್ಲಿ ಮದುವೆ, ಯಾರು ಊರಿಗೆ ಹೊರಟಿದ್ದಾರೆ, ಎಲ್ಲಿ ಕೋಣೆ ಖಾಲಿಯಿದೆ ಎಂಬ ಸುದ್ದಿಗಳು ಮಧ್ಯಂತರದಲ್ಲಿ ಕೈ ಬದಲಾಗುತ್ತಿದ್ದವು. ಆಟ ಮುಗಿದು ಹೊರಬಂದರೆ ಮ್ಯಾಟಿನಿಗೆ ಕಾಯುವ ಹಿಂದಿ ಪ್ರೇಕ್ಷಕರ ಗುಂಪು. ಆ ಬಾಗಿಲಲ್ಲಿ ನಮ್ಮ ಮಾತು ತಾನಾಗಿ ತಗ್ಗುತ್ತಿತ್ತು.

ಈ ಲೋಕ ಕುಸಿದುದಕ್ಕೆ ಒಂದೇ ಕಾರಣವಿಲ್ಲ. ದೂರದರ್ಶನ, ಆಮೇಲೆ ವಿಡಿಯೊ ಕ್ಯಾಸೆಟ್ಟು ಪ್ರೇಕ್ಷಕರನ್ನು ಮನೆಯಲ್ಲಿ ಕೂರಿಸಿದವು. ಮಲ್ಟಿಪ್ಲೆಕ್ಸ್‌ಗಳು ದೊಡ್ಡ ಮಂದಿರವನ್ನು ಸಣ್ಣ ಸಣ್ಣ ಕೋಣೆಗಳಾಗಿ ಒಡೆದವು. ಇವೆಲ್ಲಕ್ಕಿಂತ ಬಲವಾದುದು ನೆಲದ ಬೆಲೆ. ಸಾವಿರ ಆಸನಗಳ ಮಂದಿರ ನಿಂತಿರುವುದು ನಗರದ ನಟ್ಟನಡುವೆ. ಅಲ್ಲಿ ನಾಲ್ಕು ಆಟಗಳ ಗಳಿಕೆಗಿಂತ ಮಳಿಗೆಗಳ ಬಾಡಿಗೆ ಹೆಚ್ಚು. ಸಾಗರ್ ಇದ್ದಲ್ಲಿ ಬಟ್ಟೆಯಂಗಡಿ ಬಂದಿತು. ಮಹಾತ್ಮ ಗಾಂಧಿ ರಸ್ತೆಯಲ್ಲಿ 1936ರಿಂದ ಇದ್ದ ಪ್ಲಾಜಾ ಮೆಟ್ರೊ ಕಾಮಗಾರಿಗೆ ಎಡೆಗೊಟ್ಟಿತು. ಕಪಾಲಿ 2017ರಲ್ಲಿ ಕೊನೆಯ ಆಟ ಆಡಿತು. 2020ರ ಬೀಗಮುದ್ರೆಯ ದಿನಗಳ ನಂತರ ಎಷ್ಟೋ ಮಂದಿರಗಳು ಮತ್ತೆ ಬಾಗಿಲು ತೆರೆಯಲೇ ಇಲ್ಲ. ಮಾಲೀಕರನ್ನು ದೂಷಿಸುವುದು ಸುಲಭ. ಖಾಲಿ ಕುರ್ಚಿಗಳಿಗೆ ತೆರಿಗೆ, ವಿದ್ಯುತ್ತು, ಸಂಬಳ ತೆತ್ತವರು ಅವರೇ.

ಇಂದು ಹೊರನಾಡಿನ ಕನ್ನಡಿಗನಿಗೆ ಕನ್ನಡ ಚಿತ್ರದ ಬರವಿಲ್ಲ. ದೊಡ್ಡ ಚಿತ್ರಗಳು ಬಿಡುಗಡೆಯ ದಿನವೇ ಪುಣೆ, ಚೆನ್ನೈ, ಹೈದರಾಬಾದಿನಲ್ಲಿ ತೆರೆ ಕಾಣುತ್ತವೆ. ಉಳಿದವು ಕೈಯಲ್ಲಿನ ಮೊಬೈಲಿಗೆ ಬರುತ್ತವೆ. ಚಿತ್ರ ಸಿಕ್ಕಿತು, ಸಾಲು ಹೋಯಿತು. ಮುಖಪರಿಚಯವಿಲ್ಲದ ಕನ್ನಡಿಗರು ಒಂದೆಡೆ ಕಲೆತು ಒಂದೇ ಮಾತಿಗೆ ನಗುವ ಸಂದರ್ಭ ಸಂಘದ ವಾರ್ಷಿಕೋತ್ಸವಕ್ಕೆ ಸೀಮಿತವಾಯಿತು. ಅಲ್ಲಿಗೆ ಬರುವವರು ಆಹ್ವಾನವಿದ್ದವರು. ಟಿಕೆಟ್ ಕಿಟಕಿಯ ಮುಂದೆ ಅಂಥ ಭೇದವಿರಲಿಲ್ಲ.

'ಆಲಂ ಆರಾ'ದಂತೆಯೇ 'ಸತಿ ಸುಲೋಚನ'ದ ಪ್ರತಿಯೂ ಇಂದು ಲಭ್ಯವಿಲ್ಲ. ಅವು ಹೇಗಿದ್ದವೆಂದು ನಾವು ಅರಿತದ್ದು ನೋಡಿದವರು, ದುಡಿದವರು ಬರೆದಿಟ್ಟ ಮಾತುಗಳಿಂದ. ಬೆಂಗಳೂರಿನ ಮೆಜೆಸ್ಟಿಕ್ ತನ್ನ ಹೆಸರನ್ನಾದರೂ ಬಿಟ್ಟುಹೋಯಿತು. ಮುಂಬಯಿ, ಮದರಾಸು, ದೆಹಲಿಗಳ ಭಾನುವಾರದ ಕನ್ನಡ ಆಟಗಳು ಅದನ್ನೂ ಬಿಟ್ಟಿಲ್ಲ. ಯಾವ ಮಂದಿರದಲ್ಲಿ, ಯಾವ ವರ್ಷ, ಯಾವ ಚಿತ್ರ, ಟಿಕೆಟ್ಟಿನ ಬೆಲೆ ಎಷ್ಟು, ಪೆಟ್ಟಿಗೆ ತರಿಸಿದವರು ಯಾರು ಎಂಬುದನ್ನು ಬಲ್ಲ ಹಿರಿಯರು ನಮ್ಮ ನಡುವೆ ಇನ್ನೂ ಇದ್ದಾರೆ. ಅವರ ಬಳಿ ಕುಳಿತು ಕೇಳಿ ಬರೆದಿಡುವ ಕೆಲಸಕ್ಕೆ ಹಣ ಬೇಡ, ಕಟ್ಟಡ ಬೇಡ. ಅದನ್ನು ಈ ವರ್ಷವೇ ಮಾಡಬೇಕು.